ಎಲ್ಲ ಚುಕ್ಕೆಗಳೂ ಹಸಿರಾದ ದಿನ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮರುಳಸಿದ್ಧಯ್ಯ ಎಂಬ ಗುರುಗಳಿದ್ದರು. ಪ್ರಾಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಆಮೇಲೆ ಕಂಪ್ಯೂಟರ್ ಕಲಿತು, ಕಲಿತದ್ದನ್ನು ಬಂದವರಿಗೆಲ್ಲ ಕಲಿಸುತ್ತ ಅಲ್ಲೇ ಕೂತರು.

ಬೇವಿನ ಮರದ ಕೆಳಗೆ ಪಾಠ ನಡೆಯುತ್ತಿತ್ತು. ಕಲಿಯಲು ಬಂದವರೇ ಕಸ ಗುಡಿಸಬೇಕು, ನೀರು ಸೇದಬೇಕು, ಅಡುಗೆ ಮಾಡಬೇಕು.

ಭುವನಾ ಅಲ್ಲಿಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಚುರುಕು ಹುಡುಗಿ. ತಲೆಗೆ ಏನಾದರೂ ಹೊಳೆಯಿತೆಂದರೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

ಬೇಸಿಗೆ ಬಂತು. ಹೊಳೆ ಸೊರಗಿ, ನಡುವೆ ಎರಡು ತೋಡಿನಷ್ಟು ನೀರು ಉಳಿಯಿತು. ಉಳಿದದ್ದೆಲ್ಲ ಮರಳು. ದಂಡೆಯ ಊರಿನವರು ಆ ಮರಳಿಗಿಳಿದು ಪಾತಿ ಕಟ್ಟಿ ಸೌತೆ, ಕಲ್ಲಂಗಡಿ ಹಾಕಿದರು.

ಮೇಲ್ಗಡೆ ಅಣೆಕಟ್ಟು. ಅಲ್ಲಿಂದ ಆಗಾಗ ನೀರು ಬಿಡುತ್ತಿದ್ದರು. ಬಿಡುವ ಮುಂಚೆ ಸೈರನ್ ಊದುತ್ತಿದ್ದರು. ಗಾಳಿ ಎದುರಾದರೆ ಅದು ಕೇಳಿಸುತ್ತಲೇ ಇರಲಿಲ್ಲ.

ಒಂದು ದಿನ ಗುರುಗಳು ಭುವನಾಳನ್ನು ಕರೆದರು.

"ನೀರು ಬಿಡೋ ಹೊತ್ತಿಗೆ ಯಾವ ಪಾತಿಯಲ್ಲಿ ಯಾರಿದ್ದಾರೆ ಅಂತ ಗೊತ್ತಾಗಬೇಕು. ಏನಾದರೂ ಮಾಡ್ತೀಯಾ?"

"ಮಾಡ್ತೀನಿ ಗುರುಗಳೇ!" ಎಂದಳು. ಹೇಗೆ ಎಂದು ಯೋಚಿಸಿದ್ದು ಆಮೇಲೆ.

ಅವಳು ಊಟ ಬಿಟ್ಟು, ನಿದ್ದೆ ಬಿಟ್ಟು ಒಂದು ಆ್ಯಪ್ ಕಟ್ಟಿದಳು. ಒಂದೊಂದು ಪಾತಿಯ ವಿವರವೂ ಒಂದು ಗಂಟು. ಯಾರ ಪಾತಿ, ಏನು ಬೆಳೆ, ಈಗ ಅಲ್ಲಿ ಎಷ್ಟು ಜನ ಇದ್ದಾರೆ ಎಂಬುದೆಲ್ಲ ಆ ಗಂಟಿನೊಳಗೆ. ಪುಸ್ತಕದಲ್ಲಿ ಅದನ್ನು ಆಬ್ಜೆಕ್ಟ್ ಎನ್ನುತ್ತಾರೆ. ಆಶ್ರಮದಲ್ಲಿ ಗಂಟು ಎಂದೇ ರೂಢಿ.

ಗಂಟುಗಳೆಲ್ಲ ಆಶ್ರಮದ ಸರ್ವರ್‌ನಲ್ಲಿರುತ್ತವೆ. ಊರಿನವರ ಫೋನು ಕೇಳಿದರೆ ಸರ್ವರ್ ಗಂಟನ್ನು ಕಳಿಸುತ್ತದೆ. ಅವರು ತಿದ್ದಿದರೆ ಫೋನು ಆ ಗಂಟನ್ನು ವಾಪಸು ಕಳಿಸುತ್ತದೆ. ಪಾತಿಯಲ್ಲಿ ಜನರಿದ್ದರೆ ಫೋನಿನಲ್ಲೂ ಆಶ್ರಮದ ಕಂಪ್ಯೂಟರಿನ ತೆರೆಯ ಮೇಲೂ ಕೆಂಪು ಚುಕ್ಕೆ. ಇಲ್ಲದಿದ್ದರೆ ಹಸಿರು.

ಹೊಳೆಗಿಳಿಯುವ ಮೆಟ್ಟಿಲ ಬಳಿ ಪರಸಪ್ಪ ಎಂಬ ಕಾವಲಿನವನಿದ್ದ. ಅವನಿಗೂ ಒಂದು ಪಾತಿಯಿತ್ತು; ಯಾರು ಇಳಿದರು, ಯಾರು ಹತ್ತಿದರು ಎಂದು ನೋಡುವುದು ಅವನ ಕೆಲಸ. ಭುವನಾ ಮೊದಲು ಅವನ ಫೋನಿಗೇ ಆ್ಯಪ್ ಹಾಕಿಕೊಟ್ಟಳು. ಓಡೋಡಿ ಬಂದು ಬೇವಿನ ಕೆಳಗೆ ತೆರೆಯ ಮುಂದೆ ಕೂತಳು.

ಒಂದು ಚುಕ್ಕೆ ಹಸಿರಿನಿಂದ ಕೆಂಪಾಯಿತು.

"ಬಂತು! ಗುರುಗಳೇ, ಬಂತು!" ಭುವನಾ ಚಪ್ಪಾಳೆ ತಟ್ಟಿ ಎದ್ದು ಕುಣಿದಳು.

"ಏನು ಬಂತು?"

"ಪರಸಪ್ಪಣ್ಣನ ಪಾತಿ!"

ಗುರುಗಳು ಕಣ್ಣಿಗೆ ಕೈ ಅಡ್ಡ ಹಿಡಿದು ಹೊಳೆಯ ಕಡೆ ನೋಡಿದರು. "ಅದು ಅಲ್ಲೇ ಇದೆಯಲ್ಲ!"

ಭುವನಾಗೆ ನಗು ಬಂತು. ಗುರುಗಳು ತಮಾಷೆ ಮಾಡಿದರೆಂದುಕೊಂಡಳು.

"ಹೋಗು, ಹೊಳೆ ಹೇಗಿದೆ ನೋಡಿಕೊಂಡು ಬಾ" ಎಂದರು ಗುರುಗಳು.

ಹೋದಳು, ಬಂದಳು. "ಮೊಣಕಾಲುದ್ದ ನೀರು. ತಿಳಿಯಾಗಿದೆ."

"ಈಗ ಹೇಗಿದೆ?"

"ಈಗ ತಾನೇ ನೋಡಿ ಬಂದೆನಲ್ಲ ಗುರುಗಳೇ."

"ಈಗ ತಾನೇ ಅಂದರೆ ಈಗ ಅಲ್ಲ."

ಭುವನಾ ಮತ್ತೆ ಹೋಗಲು ತಿರುಗಿದಳು. ಎರಡು ಹೆಜ್ಜೆ ಇಟ್ಟವಳು ನಿಂತಳು. ಎಷ್ಟು ಸಲ ಹೋಗಿ ಬಂದರೂ ಗುರುಗಳು ಇದನ್ನೇ ಕೇಳಬಹುದಲ್ಲ! ಅದು ಅವಳಿಗೆ ತಟ್ಟಿತು. ತಟ್ಟಿದ್ದು ಒಳಗಿಳಿಯುವ ಮುಂಚೆ ಇನ್ನೊಂದು ಚುಕ್ಕೆ ಕೆಂಪಾಯಿತು. ಅವಳು ಎಲ್ಲ ಮರೆತು ತೆರೆಯ ಕಡೆ ಓಡಿದಳು.

ವಾರ ಕಳೆಯುವುದರೊಳಗೆ ಊರೆಲ್ಲ ಆ ಆ್ಯಪ್ ಹಿಡಿಯಿತು. ಬೆಳಿಗ್ಗೆ ಹೊಳೆಯ ತುಂಬ ಕೆಂಪು ಚುಕ್ಕೆಗಳು, ಸಂಜೆ ಹಸಿರು. ಅಣೆಕಟ್ಟಿನ ಆಫೀಸಿನವರೂ ಅದನ್ನು ಮೆಚ್ಚಿದರು. ನೀರು ಬಿಡುವ ಮುಂಚೆ ಆಶ್ರಮಕ್ಕೆ ಫೋನ್ ಮಾಡಿ ಕೇಳುತ್ತೇವೆ, ನೀವು ಹೂಂ ಅಂದರೆ ಬಿಡುತ್ತೇವೆ ಎಂದರು. ಆ ಹೂಂ ಹೇಳುವ ಕೆಲಸ ಭುವನಾಳದಾಯಿತು.

ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸೈರನ್ ಊದಿತು. ಪಾತಿಗಳಿಂದ ಜನ ಬುಟ್ಟಿ ಹೊತ್ತು ಮೇಲೆ ಹತ್ತತೊಡಗಿದರು. ತೆರೆಯ ಮೇಲೆ ಕೆಂಪು ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಭುವನಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಕೊನೆಯದೂ ಹಸಿರಾಯಿತು.

ಫೋನ್ ಬಂತು. "ಏನಮ್ಮಾ, ಎಲ್ಲ ಮೇಲೆ ಬಂದರಾ?"

"ಬಂದರು ಸಾರ್! ಒಬ್ಬರೂ ಇಲ್ಲ! ಬಿಡಿ!"

ಫೋನಿಟ್ಟು ಗುರುಗಳ ಕಡೆ ತಿರುಗಿದಳು. ಮುಖ ಹೊಳೆಯುತ್ತಿತ್ತು. "ನೋಡಿ ಗುರುಗಳೇ, ಎಲ್ಲ ಹಸಿರು!"

ಗುರುಗಳು ತೆರೆಯ ಹತ್ತಿರ ಬಂದು ಬಗ್ಗಿ ನೋಡಿದರು. "ಇವರೆಲ್ಲ ಮೇಲೆ ಬಂದದ್ದನ್ನು ನಿನಗೆ ಯಾರು ಹೇಳಿದರು?"

"ಸರ್ವರ್."

"ಸರ್ವರ್‌ಗೆ?"

"ಫೋನುಗಳು. ಇಲ್ಲಿ ನೋಡಿ, ಕೊನೆಗೆ ಕಳಿಸಿದವರ ಹೆಸರು ಇರುತ್ತೆ. ಇದು ಪರಸಪ್ಪಣ್ಣ. ಇದೂ ಪರಸಪ್ಪಣ್ಣ. ಇದೂ ಅವರೇ. ಇದು..." ಅವಳ ಬೆರಳು ನಿಂತಿತು. "ಇದು ಹಾಲಮ್ಮಕ್ಕ."

"ಹಾಲಮ್ಮ ಎಲ್ಲಿದ್ದಾಳೆ?"

ಆ ಪಾತಿಯ ಒಡತಿ ಹಾಲಮ್ಮ ಬೆಳಿಗ್ಗೆ ಆಶ್ರಮದ ಮುಂದೆಯೇ ಬಸ್ಸು ಹತ್ತಿದ್ದಳು. ಗುಡ್ಡದ ಆಚೆಯ ತವರಿಗೆ ಹೊರಟಿದ್ದೇನೆ ಎಂದು ಕೈ ಬೀಸಿದ್ದಳು. ಅದು ನೆನಪಾದದ್ದೇ ತಡ, ಭುವನಾ ಫೋನ್ ಮಾಡಿದಳು.

"ಹಾಲಮ್ಮಕ್ಕ, ಎಲ್ಲಿದ್ದೀರಿ? ಪಾತಿ ಖಾಲಿ ಅಂತ ಈಗ ಕಳಿಸಿದ್ದು ನೀವೇನಾ?"

"ನಾನು ಬಸ್ಸಿನಲ್ಲಿದ್ದೀನಿ ಕಣೇ ತಂಗಿ, ವಾಪಸು ಬರ್ತಿದೀನಿ. ಈಗ ಏನೂ ಕಳಿಸಿಲ್ಲ ನಾನು. ಬೆಳಿಗ್ಗೆ ಸೌತೆ ಅಂತ ಇದ್ದದ್ದನ್ನು ಕಲ್ಲಂಗಡಿ ಅಂತ ತಿದ್ದಿದೆ ಅಷ್ಟೆ. ಗುಡ್ಡದ ಹಿಂದೆ ನೆಟ್‌ವರ್ಕ್ ಸಿಗಲಿಲ್ಲ, ಅದು ಹೋಗಲೇ ಇಲ್ಲ. ಈಗ ಸೇತುವೆ ಹತ್ತಿರ ಬಂದ ಮೇಲೆ ಟಣ್ ಅಂತು. ಯಾಕೆ?"

"ನಿಮ್ಮ ಪಾತಿಯಲ್ಲಿ ಇವತ್ತು ಯಾರಿದ್ದಾರೆ?"

"ನಮ್ಮತ್ತೆ ಹೋಗಿರಬೇಕು, ಕಾಯಿ ಕೀಳೋದಕ್ಕೆ. ಅವರಿಗೆ ಕಿವಿ ಕೇಳಿಸಲ್ಲ ಅಂತ ಪರಸಪ್ಪಣ್ಣನಿಗೆ ಹೇಳಿದ್ದೀನಿ..."

ಭುವನಾ ಫೋನಿಟ್ಟಳು.

ಎಲ್ಲ ಒಂದೇ ಕ್ಷಣದಲ್ಲಿ ಕಣ್ಣಿಗೆ ಕಟ್ಟಿತು. ಬೆಳಿಗ್ಗೆ ಹಾಲಮ್ಮ ಗಂಟನ್ನು ತೆರೆದಾಗ ಪಾತಿ ಖಾಲಿ. ಅವಳು ತಿದ್ದಿದ್ದು ಬೆಳೆಯ ಹೆಸರೊಂದನ್ನೇ. ಗಂಟು ಫೋನಿನಲ್ಲೇ ಉಳಿಯಿತು. ಆಮೇಲೆ ಅತ್ತೆ ಕೆಂಚಜ್ಜಿ ಹೊಳೆಗಿಳಿದಳು, ಪರಸಪ್ಪ ಒಬ್ಬರು ಇದ್ದಾರೆ ಎಂದು ದಾಖಲಿಸಿದ, ಚುಕ್ಕೆ ಕೆಂಪಾಯಿತು. ಈಗ ಬೆಳಗಿನ ಗಂಟು ಇಡಿಯಾಗಿ ಬಂದು ಅದರ ಮೇಲೆ ಕೂತಿದೆ. ಕಲ್ಲಂಗಡಿ, ಜನ ಇಲ್ಲ, ಹಸಿರು. ಹಾಗೆ ಇಡೀ ಗಂಟನ್ನು ಕಳಿಸುವಂತೆ ಬರೆದವಳು ತಾನೇ.

ಅಣೆಕಟ್ಟಿಗೆ ಫೋನ್ ಮಾಡಿದಳು. "ನಿಲ್ಲಿಸಿ ಸಾರ್! ಕೆಳಗೆ ಅಜ್ಜಿ ಇದ್ದಾರೆ!"

"ಅಯ್ಯೋ ದೇವರೇ! ಗೇಟು ಈಗಲೇ ಇಳಿಸ್ತೀವಮ್ಮಾ. ಆದರೆ ಹೊರಟ ನೀರು ಹೊರಟಾಯ್ತು. ಓಡಿ!"

ಅವಳು ಆಗಲೇ ಓಡುತ್ತಿದ್ದಳು. ಚಪ್ಪಲಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಮೆಟ್ಟಿಲ ಬಳಿ ಪರಸಪ್ಪ ಬೀಡಿ ಹಚ್ಚುತ್ತಿದ್ದ.

"ಪರಸಪ್ಪಣ್ಣ! ಕೆಂಚಜ್ಜಿ!"

"ಅಜ್ಜಿ ಮೇಲೆ ಹೋದರಲ್ಲ ತಾಯಿ. ಇಲ್ಲಿ ಹತ್ತಿದ್ದು ಕಾಣಲಿಲ್ಲ. ಆದರೆ ಫೋನು ಹಸಿರು ತೋರಿಸ್ತು. ಆ ಕಡೆ ದಾರಿಯಲ್ಲಿ ಹತ್ತಿರಬೇಕು ಅಂದ್ಕೊಂಡೆ."

ಪಾಪ, ಅವನಿಗೆ ಕಣ್ಣಿತ್ತು. ಕಣ್ಣಿಗಿಂತ ಅವಳ ಚುಕ್ಕೆಯನ್ನು ಅವನು ಹೆಚ್ಚು ನಂಬಿದ್ದ. ಭುವನಾ ಉತ್ತರ ಕೊಡಲು ನಿಲ್ಲಲಿಲ್ಲ. ಪರಸಪ್ಪ ಬೀಡಿ ಎಸೆದು, ಹಗ್ಗ ಹೆಗಲಿಗೆ ಹಾಕಿಕೊಂಡು ಹಿಂದೆಯೇ ಬಂದ.

ಮರಳು ಕಾದ ಬಾಣಲೆಯ ಹಾಗಿತ್ತು. ಎರಡು ತೋಡು ದಾಟಿದರೆ ಹಾಲಮ್ಮನ ಪಾತಿ. ಬಳ್ಳಿಗಳ ನಡುವೆ ಬಿಳಿ ಸೆರಗು ಕಂಡಿತು. ಕೆಂಚಜ್ಜಿ ಬಗ್ಗಿ ಕಲ್ಲಂಗಡಿಯ ಹೊಟ್ಟೆ ತಟ್ಟಿ ನೋಡುತ್ತಿದ್ದಳು.

"ಅಜ್ಜೀ! ಅಜ್ಜೀ!"

ಅಜ್ಜಿ ತಲೆ ಎತ್ತಲಿಲ್ಲ. ಭುವನಾ ಹೋಗಿ ಅವಳ ಎರಡೂ ರಟ್ಟೆ ಹಿಡಿದಳು. ಅಜ್ಜಿ ಬೆಚ್ಚಿದಳು. ಆಮೇಲೆ ಗುರುತು ಹಿಡಿದು ನಕ್ಕಳು.

"ಬಾರವ್ವಾ! ಒಂದು ಒಡೆದು ಕೊಡ್ತೀನಿ, ತಿಂದು ಹೋಗು."

ಭುವನಾ ಮೇಲ್ಗಡೆ ಕೈ ತೋರಿಸಿದಳು. ಅಜ್ಜಿ ಅತ್ತ ನೋಡಿದಳು. ಬಿಳಿಯ ನೊರೆಯ ಗೆರೆಯೊಂದು ಮರಳನ್ನು ನೆಕ್ಕುತ್ತ ಬರುತ್ತಿತ್ತು. ಅಜ್ಜಿಯ ನಗು ಆರಿತು.

"ನನ್ನ ಬುಟ್ಟಿ!"

"ಬುಟ್ಟಿ ಬೇಡ ಅಜ್ಜೀ!"

ಮೊದಲ ತೋಡು ದಾಟುವಾಗ ನೀರು ಮೊಣಕಾಲಿಗಿತ್ತು. ಎರಡನೆಯ ತೋಡಿಗೆ ಬರುವಷ್ಟರಲ್ಲಿ ಸೊಂಟಕ್ಕೆ ಬಂತು. ಕೆಸರು ಬಣ್ಣದ ನೀರು, ಕಾಲ ಕೆಳಗಿನ ಮರಳನ್ನೇ ಎಳೆಯುತ್ತಿತ್ತು. ಮೆಟ್ಟಿಲ ಕಡೆಯ ದಡದಲ್ಲೇ ನಿಂತಿದ್ದ ಪರಸಪ್ಪ ಬಂಡೆಗೆ ಹಗ್ಗ ಬಿಗಿದು ತುದಿಯನ್ನು ಎಸೆದ. ಮೊದಲ ಸಲ ಕೈಗೆ ಸಿಗಲಿಲ್ಲ. ಎರಡನೆಯ ಸಲ ಭುವನಾ ಅದನ್ನು ಹಿಡಿದು ಅಜ್ಜಿಯ ನಡುವಿಗೆ ಸುತ್ತಿದಳು, ತಾನು ಅಜ್ಜಿಯನ್ನು ತಬ್ಬಿದಳು.

"ಎಳೀರಿ!"

ಪರಸಪ್ಪ ಎಳೆದ. ಮೆಟ್ಟಿಲ ಮೇಲಿದ್ದವರೆಲ್ಲ ಇಳಿದು ಬಂದು ಹಗ್ಗಕ್ಕೆ ಕೈ ಹಾಕಿದರು. ಕೂಗು, ಗದ್ದಲ, ನೀರಿನ ಭೋರ್ಗರೆತ. ಮೂವರೂ ಮೆಟ್ಟಿಲ ಮೇಲೆ ಬಂದು ಬಿದ್ದಾಗ ಹಿಂದೆ ಪಾತಿ ಕಾಣುತ್ತಿರಲಿಲ್ಲ. ಹಸಿರು ಕಾಯಿಗಳು ತೇಲಿಹೋಗುತ್ತಿದ್ದವು.

ಭುವನಾ ಮುಖ ಮುಚ್ಚಿಕೊಂಡು ಬಿಕ್ಕಿದಳು. ಕೆಂಚಜ್ಜಿ ಅವಳ ಒದ್ದೆ ತಲೆ ಸವರಿದಳು.

"ಯಾಕವ್ವ ಅಳ್ತೀಯ? ಕಾಯಿ ಹೋದರೆ ಹೋಗಲಿ ಬಿಡು. ಮತ್ತೆ ಹಾಕಿದರಾಯ್ತು."

ಗುರುಗಳು ಅವಳನ್ನು ಬೈಯಲಿಲ್ಲ. ಅವಳಿಗೆ ಅದೇ ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಬೇವಿನ ಕೆಳಗೆ ಬಂದು ಕೈಕಟ್ಟಿ ನಿಂತಳು. "ಗುರುಗಳೇ, ಆ್ಯಪ್ ಅಳಿಸಿಬಿಡಲಾ?"

ಗುರುಗಳು ಗೋಡೆಯ ಕಡೆ ನೋಡಿದರು. ಅಲ್ಲಿ ಕಪ್ಪು ಹಲಗೆಯ ಮೇಲೆ ಅವತ್ತಿನ ಕೆಲಸಗಳಿದ್ದವು. ಕಸ ಯಾರು, ನೀರು ಯಾರು, ಅಡುಗೆ ಯಾರು ಎಂದು ಎಲ್ಲರ ಹೆಸರೂ ಇತ್ತು.

"ಇವತ್ತು ನೀರು ನಾನು ಸೇದ್ತೀನಿ. ಹಲಗೆಯ ಮೇಲೆ ತಿದ್ದು" ಎಂದರು.

ಭುವನಾ ಹೋಗಿ ನೀರಿನ ಮುಂದಿದ್ದ ಹೆಸರನ್ನು ಬೆರಳಿನಿಂದ ಒರೆಸಿ ಗುರುಗಳ ಹೆಸರು ಬರೆದಳು.

"ಹಲಗೆ ಪೂರ್ತಿ ಯಾಕೆ ಒರೆಸಲಿಲ್ಲ?"

"ಇದೆಂಥ ಮಾತು ಗುರುಗಳೇ? ಒಂದು ಹೆಸರು ತಿದ್ದೋದಕ್ಕೆ ಹಲಗೆ ಪೂರ್ತಿ ಯಾರು..."

ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು.

"ಹಾಲಮ್ಮಕ್ಕ ಬೆಳೆಯ ಹೆಸರು ತಿದ್ದಿದರೆ ಬೆಳೆಯ ಹೆಸರೇ ಬರಬೇಕು!" ಎಂದು ಕೂಗಿದಳು. "ಇಡೀ ಗಂಟು ಯಾಕೆ ಬರಬೇಕು?"

ಗುರುಗಳು ಕೊಡ ತೆಗೆದುಕೊಂಡು ಬಾವಿಯ ಕಡೆ ಹೊರಟರು. ಭುವನಾ ಹಿಂದೆಯೇ ನಡೆದಳು. ತಲೆಯೊಳಗೆ ಜೇನು ಎದ್ದ ಹಾಗಾಗಿತ್ತು.

"ಆದರೆ ಗುರುಗಳೇ, ಇಬ್ಬರು ಒಂದೇ ಸಂಗತಿ ತಿದ್ದಿದರೆ? ಒಬ್ಬರು ಹೊಸದು ನೋಡಿ ತಿದ್ದಿದ್ದಾರೆ, ಇನ್ನೊಬ್ಬರು ಹಳೆಯದು ನೋಡಿ. ಸರ್ವರ್ ಯಾರದ್ದನ್ನು ತಗೋಬೇಕು?"

"ಹಳೆಯದು ಅಂತ ಸರ್ವರ್‌ಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗೋದಿಲ್ಲ."

ಗುರುಗಳು ಹಗ್ಗ ಬಿಟ್ಟರು. ಕೊಡ ಬಾವಿಯೊಳಗೆ ಧಡ್ ಎಂದಿತು.

"ಗೊತ್ತಾಗೋ ಹಾಗೆ ಮಾಡಬೇಕು!" ಎಂದಳು ಭುವನಾ. "ಪ್ರತಿ ಗಂಟಿಗೂ ಒಂದು ಸಂಖ್ಯೆ. ತಿದ್ದಿದಾಗಲೆಲ್ಲ ಆ ಸಂಖ್ಯೆ ಏರುತ್ತೆ. ಕಳಿಸೋ ಫೋನು, ನಾನು ಇಂಥ ಸಂಖ್ಯೆಯ ಗಂಟು ನೋಡಿ ತಿದ್ದಿದ್ದೀನಿ ಅಂತ ಜೊತೆಗೇ ಹೇಳಬೇಕು. ಅಷ್ಟರಲ್ಲಿ ಸಂಖ್ಯೆ ಏರಿದ್ದರೆ ಸರ್ವರ್ ಬೇಡ ಅನ್ನಬೇಕು!"

"ಬೇಡ ಅಂದು ಬಾಗಿಲು ಹಾಕಿಕೊಳ್ಳುತ್ತೋ?"

ಭುವನಾ ಯೋಚಿಸಿದಳು. "ಇಲ್ಲ. ಈಗಿನ ಗಂಟನ್ನು ಕೊಟ್ಟು, ಇದನ್ನು ನೋಡಿ ಮತ್ತೆ ಹೇಳಿ ಅನ್ನುತ್ತೆ."

ಗುರುಗಳು ಮೊದಲ ಕೊಡದ ನೀರನ್ನು ಅವಳ ಬೊಗಸೆಗೇ ಸುರಿದರು.

ಮೂರನೆಯ ದಿನ ಕೆಲಸ ಮುಗಿಯಿತು. ಭುವನಾ ಹಾಲಮ್ಮನನ್ನೂ ಪರಸಪ್ಪನನ್ನೂ ಮರದ ಕೆಳಗೆ ಕೂರಿಸಿದಳು. ಇಬ್ಬರ ಫೋನಿನಲ್ಲೂ ಒಂದೇ ಪಾತಿಯನ್ನು ತೆರೆಸಿದಳು. ಹಾಲಮ್ಮನ ಫೋನಿನ ನೆಟ್‌ವರ್ಕ್ ಆಫ್ ಮಾಡಿದಳು. ಜನರ ಲೆಕ್ಕದಲ್ಲಿ ಪರಸಪ್ಪ ಒಬ್ಬರಿದ್ದಾರೆ ಎಂದು ಬರೆದ, ಹಾಲಮ್ಮ ಖಾಲಿ ಎಂದು ಬರೆದಳು. ಪರಸಪ್ಪನದು ಹೋಯಿತು, ಚುಕ್ಕೆ ಕೆಂಪಾಯಿತು.

"ಈಗ ನಿಮ್ಮ ನೆಟ್‌ವರ್ಕ್ ಹಾಕಿ ಅಕ್ಕ."

ಹಾಲಮ್ಮ ಹಾಕಿದಳು. ಎಲ್ಲರೂ ತೆರೆಯನ್ನೇ ನೋಡಿದರು.

ಚುಕ್ಕೆ ಅಲುಗಲಿಲ್ಲ. ಕೆಂಪು ಕೆಂಪಾಗಿಯೇ ಉಳಿಯಿತು. ಹಾಲಮ್ಮನ ಫೋನು ಟಣ್ ಎಂದಿತು. ಅವಳು ಹುಬ್ಬು ಗಂಟಿಕ್ಕಿ ಓದಿದಳು. "'ನೀವು ನೋಡಿದ್ದು ಹಳೆಯದು. ಈಗಿನದು ಇಲ್ಲಿದೆ, ನೋಡಿ ಮತ್ತೆ ಹೇಳಿ.' ಏನೇ ಇದು! ನನ್ನ ಪಾತಿಗೆ ನನ್ನ ಮಾತೇ ಬೇಡ ಅನ್ನುತ್ತಾ ನಿನ್ನ ಯಂತ್ರ?"

"ಬೇಡ ಅಂತು! ಬೇಡ ಅಂತು!" ಭುವನಾ ಹಾಲಮ್ಮನನ್ನು ತಬ್ಬಿಕೊಂಡು ಗಿರಗಿರನೆ ತಿರುಗಿಸಿದಳು. ಬೈಸಿಕೊಂಡು ಇಷ್ಟು ಹಿಗ್ಗಿದವರನ್ನು ಹಾಲಮ್ಮ ಕಂಡಿರಲಿಲ್ಲ. ಅವಳಿಗೂ ನಗು ತಡೆಯಲಾಗಲಿಲ್ಲ. ಪರಸಪ್ಪ ರುಮಾಲು ಬೀಸಿ ಸಿಳ್ಳೆ ಹೊಡೆದ.

ಕೆಲವು ದಿನ ಕಳೆಯಿತು. ಮತ್ತೆ ಸೈರನ್ ಊದಿತು.

ಭುವನಾ ತೆರೆಯ ಮುಂದೆ ಕೂತಳು. ಚುಕ್ಕೆಗಳು ಹಸಿರಾಗುತ್ತ ಬಂದವು. ಒಂದೊಂದರ ಸಂಖ್ಯೆಯನ್ನೂ ನೋಡಿದಳು, ಕಳಿಸಿದವರ ಹೆಸರನ್ನೂ ನೋಡಿದಳು. ಎಲ್ಲ ಸರಿಯಾಗಿತ್ತು. ಎಲ್ಲ ಹಸಿರು.

ಫೋನ್ ಬಂತು. "ಬಿಡೋಣವಾ ಅಮ್ಮಾ?"

ಅವಳ ನಾಲಿಗೆಯ ತುದಿಗೆ ಹೂಂ ಬಂದಿತ್ತು. ಗುರುಗಳು ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಈಗ ತಾನೇ ಅಂದರೆ ಈಗ ಅಲ್ಲ ಎಂಬ ಅವರ ಮಾತು ಅವಳಿಗೆ ನೆನಪಾಯಿತು.

"ಸ್ವಲ್ಪ ತಡೀರಿ ಸಾರ್" ಎಂದಳು ಭುವನಾ. "ನಾನೇ ಮತ್ತೆ ಫೋನ್ ಮಾಡ್ತೀನಿ. ಅಲ್ಲಿವರೆಗೆ ಬಿಡಬೇಡಿ."

ಎದ್ದು ಮೆಟ್ಟಿಲಿಳಿದಳು. ಪರಸಪ್ಪನೂ ಅವಳೂ ಒಂದೊಂದು ಕಡೆಯಿಂದ ನೋಡುತ್ತ ಹೊರಟರು. ಪಾತಿಗಳೆಲ್ಲ ಖಾಲಿ. ಪಾತಿಗಳ ಪಕ್ಕದ ಕಾವಲು ಗುಡಿಸಲುಗಳೂ ಖಾಲಿ. ಬಳ್ಳಿಗಳ ಮೇಲೆ ಒಂದು ಕೊಕ್ಕರೆ ಮಾತ್ರ ನಡೆದಾಡುತ್ತಿತ್ತು. ಸುಮ್ಮನೆ ಬಂದೆನೇನೋ ಎಂದುಕೊಳ್ಳುತ್ತ ಭುವನಾ ಸೇತುವೆಯವರೆಗೆ ಹೋದಳು.

ಸೇತುವೆಯ ಕಂಬದ ನೆರಳಲ್ಲಿ ಒಬ್ಬ ಮುದುಕ ಮಲಗಿದ್ದ. ತಲೆಯ ಕೆಳಗೆ ಒಂದು ಚೀಲ. ಚೀಲದಿಂದ ಮುರುಕು ಕೊಡೆಗಳ ಕಡ್ಡಿಗಳು ಹೊರಗೆ ಚಾಚಿದ್ದವು. ಮಳೆಗಾಲಕ್ಕೆ ಮುಂಚೆ ಊರೂರು ತಿರುಗಿ ಕೊಡೆ ರಿಪೇರಿ ಮಾಡುವವನು. ಬಿಸಿಲಿಗೆ ದಣಿದು ತಣ್ಣಗಿನ ಮರಳು ಕಂಡು ಮಲಗಿಬಿಟ್ಟಿದ್ದ. ಅವನಿಗೆ ಪಾತಿಯಿರಲಿಲ್ಲ, ಫೋನಿರಲಿಲ್ಲ, ಈ ಹೊಳೆಗೆ ನೀರು ಬಿಡುತ್ತಾರೆಂದೂ ಗೊತ್ತಿರಲಿಲ್ಲ.

"ಏಳಿ ತಾತ! ಏಳಿ, ನೀರು ಬರುತ್ತೆ!"

ಅವನು ಗಾಬರಿಯಿಂದ ಎದ್ದು ಕೂತ. ಭುವನಾ ಅವನ ಚೀಲ ತಾನು ಹೊತ್ತು, ಕೈ ಹಿಡಿದು ದಂಡೆ ಹತ್ತಿಸಿದಳು. ಹತ್ತಿದ ಮೇಲೆ ಪರಸಪ್ಪನ ಕಡೆ ತಿರುಗಿದಳು. ಅವನು ದೂರದಿಂದ ಎರಡೂ ಕೈ ಎತ್ತಿ, ಯಾರೂ ಇಲ್ಲ ಎಂದು ಬೀಸಿದ.

"ಈಗ ಬಿಡಿ ಸಾರ್!" ಎಂದು ಫೋನಿನಲ್ಲಿ ಹೇಳಿದಳು.

ಸ್ವಲ್ಪ ಹೊತ್ತಿನಲ್ಲೇ ನೀರು ಬಂದು ಸೇತುವೆಯ ಕಂಬಗಳನ್ನು ಬಳಸಿಕೊಂಡಿತು. ಮುದುಕ ತಾನು ಮಲಗಿದ್ದ ಜಾಗವನ್ನು ನೋಡಿದ, ಭುವನಾಳನ್ನು ನೋಡಿದ, ಮತ್ತೆ ನೀರನ್ನು ನೋಡಿದ.

ಅವಳು ಅವನನ್ನು ಆಶ್ರಮಕ್ಕೆ ಕರೆತಂದಳು. ಬೇವಿನ ಕೆಳಗೆ ಕೂರಿಸಿದವಳೇ ತೆರೆಯ ಮುಂದೆ ಹೋಗಿ ನಿಂತಳು. ತಲೆಯೊಳಗೆ ಮತ್ತೆ ಜೇನು ಎದ್ದಿತ್ತು.

"ಗುರುಗಳೇ! ಒಂದು ಚುಕ್ಕೆಯೂ ಸುಳ್ಳು ಹೇಳಿರಲಿಲ್ಲ. ಆದರೂ ಇವರಿದ್ದರು! ಇವರ ಗಂಟೇ ಸರ್ವರ್‌ನಲ್ಲಿ ಇಲ್ಲ. ಪಾತಿ ಇಲ್ಲದವರಿಗೂ ಒಂದು ಗಂಟು ಬೇಕು. ಫೋನಿಲ್ಲದವರ ಪರವಾಗಿ ಕಳಿಸೋ ದಾರಿ ಬೇಕು. ಎಲ್ಲಿಂದ ಶುರು ಮಾಡಲಿ? ಇವರನ್ನು ಏನಂತ ಬರೆದುಕೊಳ್ಳಲಿ?"

ಗುರುಗಳು ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟರು.

"ಮೊದಲು ಊಟ ಆಯಿತಾ ಅಂತ ಕೇಳು. ಹೆಸರು ಅವರೇ ಹೇಳ್ತಾರೆ."